ಹಾರ್ನ್‌ಬಿ ಡಬ್ಲೊ ಮೂರು ಹಳಿಯ ರೈಲು: ರಿಪೇರಿಯಿಂದ ಪ್ರದರ್ಶನದವರೆಗೆ

ಲಿವರ್‌ಪೂಲ್‌ನ ಬಿನ್ಸ್ ರಸ್ತೆಯಲ್ಲಿದ್ದ ಮೆಕಾನೊ ಆಟಿಕೆ ಕಾರ್ಖಾನೆ 1938ರಲ್ಲಿ ಹಾರ್ನ್‌ಬಿ ಡಬ್ಲೊ ಎಂಬ ಪುಟ್ಟ ವಿದ್ಯುತ್ ಆಟಿಕೆ ರೈಲನ್ನು ಮಾರುಕಟ್ಟೆಗೆ ತಂದಿತು. ಅಳತೆ 1:76, ಅಂದರೆ ನಿಜ ರೈಲಿನ 76ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎರಡು ಹಳಿಗಳ ಮಧ್ಯೆ ಮೂರನೆಯದೊಂದು ಹಳಿ, ಅದರಲ್ಲಿ 12 ವೋಲ್ಟ್ ಡಿ.ಸಿ. ಕರೆಂಟು. ಅಚ್ಚು ಹೊಯ್ದ ಲೋಹದ ಎಂಜಿನ್, ಬಣ್ಣ ಮುದ್ರಿಸಿದ ತಗಡಿನ ಡಬ್ಬಿ. 1964ರಲ್ಲಿ ಮೆಕಾನೊ ಕಂಪನಿ ಲೈನ್ಸ್ ಬ್ರದರ್ಸ್ ಎಂಬ ಇನ್ನೊಂದು ಆಟಿಕೆ ಕಂಪನಿಯ ಪಾಲಾಗುವವರೆಗೂ ಇವು ತಯಾರಾದವು. ಇಷ್ಟು ಹಳೆಯ ಯಂತ್ರ ಇವತ್ತಿಗೂ ಓಡುವುದಕ್ಕೆ ಕಾರಣ ಸರಳ: ಅದನ್ನು ಬಿಚ್ಚಿ ಜೋಡಿಸಲು ಬರುವಂತೆಯೇ ಮಾಡಿದ್ದಾರೆ. ಸ್ಕ್ರೂ ಬಿಚ್ಚಿದರೆ ಎಲ್ಲವೂ ಕೈಗೆ ಸಿಗುತ್ತದೆ, ಎಲ್ಲವನ್ನೂ ಮತ್ತೆ ಕೂರಿಸಬಹುದು.

ಕೈಗೆ ಬಂದಾಗ ಸತ್ತಂತೆ ಕಾಣುವ ಎಂಜಿನ್‌ಗಳಲ್ಲಿ ಬಹುಪಾಲಿಗೆ ಆಗಿರುವ ತೊಂದರೆ ಒಂದೇ. ಹಳೆಯ ಎಣ್ಣೆ ಒಣಗಿ ಅಂಟಾಗಿ, ಕಮ್ಯುಟೇಟರ್ (ಮೋಟಾರಿನ ಸುರುಳಿಗಳಿಗೆ ಕರೆಂಟು ಮುಟ್ಟಿಸುವ ತಾಮ್ರದ ಭಾಗ) ಮೇಲೆ ಕರಿ ಕಟ್ಟಿರುತ್ತದೆ. ಒಂದು ಭಾನುವಾರದ ಮಧ್ಯಾಹ್ನ ಸಾಕು, ಅದು ಎದ್ದು ಓಡುತ್ತದೆ. ಆದರೆ ಅದೇ ಮಧ್ಯಾಹ್ನದಲ್ಲಿ ತಪ್ಪು ದ್ರಾವಣ ಹಚ್ಚಿ ಬಣ್ಣವನ್ನು ಶಾಶ್ವತವಾಗಿ ಹಾಳು ಮಾಡಲೂಬಹುದು. ಆದ್ದರಿಂದ ಈ ಬರಹದ ಉದ್ದಕ್ಕೂ ಒಂದೇ ನಿಲುವು: ಒಳಗಿನ ಯಂತ್ರಕ್ಕೆ ಧಾರಾಳವಾಗಿ ಕೈ ಹಾಕಿ, ಹೊರಗಿನ ಮೈಗೆ ಆದಷ್ಟು ಕಡಿಮೆ.

ನಿಮ್ಮ ಕೈಯಲ್ಲಿರುವುದು ಯಾವುದು?

ಮೊದಲು ಗಾಲಿ ನೋಡಿ. ಮೂರು ಹಳಿಯ ಡಬ್ಲೊ ಎಂಜಿನ್ ಗಾಲಿಗಳು ಪೂರಾ ಲೋಹದವು, ಅಚ್ಚುಗಂಬಿಗೂ ಗಾಲಿಗೂ ನಡುವೆ ಕರೆಂಟು ತಡೆಯುವ ನಿರೋಧಕ ಇರುವುದಿಲ್ಲ. ಎಂಜಿನ್ ಅಥವಾ ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು ಬಂಡಿ) ಅಡಿಯಲ್ಲಿ ನಡುಹಳಿಯನ್ನು ಸವರಿಕೊಂಡು ಹೋಗುವ ಸ್ಪ್ರಿಂಗಿನ ಪಟ್ಟಿ ಇರುತ್ತದೆ. 1959ರಲ್ಲಿ ಎರಡು ಹಳಿಯ ಮಾದರಿಗಳು ಬಂದವು, ಅವುಗಳಲ್ಲಿ ಈ ಪಟ್ಟಿ ಇಲ್ಲ. ಮೂರು ಹಳಿಯ ಗಾಡಿಯನ್ನು ಈಗಿನ ಎರಡು ಹಳಿಯ ಮೇಲಿಟ್ಟರೆ ಗಾಲಿಗಳೇ ಎರಡೂ ಹಳಿಯನ್ನು ಕೂಡಿಸಿ ಶಾರ್ಟ್ ಮಾಡುತ್ತವೆ. ಲೋಹದ ಗಾಲಿಯ ಬೋಗಿಗಳಿಗೂ ಇದೇ ಮಾತು.

ಎಂಜಿನ್ ಮೇಲಿನ ಹೆಸರು, ಅಂಕಿ ನೋಡಿದರೆ ಕಾಲ ಗೊತ್ತಾಗುತ್ತದೆ. ನೀಲಿ ಬಣ್ಣದ 'ಸರ್ ನೈಜೆಲ್ ಗ್ರೆಸ್ಲಿ' ಮತ್ತು ಸಣ್ಣ 0-6-2 (ಮುಂದಿನ, ನಡುವಿನ, ಹಿಂದಿನ ಗಾಲಿಗಳ ಎಣಿಕೆ) ಟ್ಯಾಂಕ್ ಎಂಜಿನ್, ಅಂದರೆ ನೀರು, ಕಲ್ಲಿದ್ದಲನ್ನು ತನ್ನ ಮೈಯಲ್ಲೇ ಹೊರುವಂಥದ್ದು, ಮೊದಲಿನಿಂದ ಇದ್ದವು. ಟ್ಯಾಂಕ್ ಎಂಜಿನ್ ಬ್ರಿಟನ್ನಿನ ನಾಲ್ಕು ರೈಲು ಕಂಪನಿಗಳ ಬಣ್ಣದಲ್ಲಿ ಬಂತು: ಎಲ್‌ಎಂಎಸ್, ಎಲ್‌ಎನ್‌ಇಆರ್, ಗ್ರೇಟ್ ವೆಸ್ಟರ್ನ್, ಸದರ್ನ್. ಕಡುಗೆಂಪಿನ 'ಡಚೆಸ್ ಆಫ್ ಅಥಾಲ್' 6231 ಯುದ್ಧದ ನಂತರದ್ದು. ಬ್ರಿಟಿಷ್ ರೈಲ್ವೇಸ್ ಹಸಿರಿನ 'ಡಚೆಸ್ ಆಫ್ ಮಾಂಟ್ರೋಸ್' 46232, 'ಸಿಲ್ವರ್ ಕಿಂಗ್' 60016, ಕಪ್ಪು ಟ್ಯಾಂಕ್ 69567 ಇವೆಲ್ಲ 1953ರ ನಂತರದವು. 80054 ಅಂಕಿಯ ದೊಡ್ಡ 2-6-4 ಟ್ಯಾಂಕ್ 1954ರದ್ದು. ಮೊದಲ ಸಲ ಕೈ ಹಾಕುವವರಿಗೆ 69567 ಅಥವಾ 80054 ಒಳ್ಳೆಯ ಆಯ್ಕೆ. ಹೇರಳವಾಗಿ ತಯಾರಾದವು, ಬಿಡಿಭಾಗ ಸಿಗುತ್ತದೆ, ಬೆಲೆಯೂ ಯುದ್ಧಪೂರ್ವದ ಮಾದರಿಗಳಷ್ಟಿಲ್ಲ.

ಕೊಳ್ಳುವ ಮುಂಚೆ: ಮಜಾಕ್ ಕೊಳೆತ

ಎಂಜಿನ್ ಮೈ ಮತ್ತು ಚೌಕಟ್ಟು ಮಜಾಕ್ ಎಂಬ ಸತುವಿನ ಮಿಶ್ರಲೋಹದ್ದು; ಅದರಲ್ಲಿ ನೂರಕ್ಕೆ ಸುಮಾರು 4 ಪಾಲು ಅಲ್ಯೂಮಿನಿಯಂ. ಅಚ್ಚು ಹೊಯ್ಯುವಾಗ ಸೀಸದ ಚೂರು ಬೆರೆತಿದ್ದರೆ ಸಾಕು, ಲೋಹದ ಹರಳುಗಳ ನಡುವಿನ ಗಡಿಯಲ್ಲಿ ಸವೆತ ಶುರುವಾಗುತ್ತದೆ. ಲೋಹ ಉಬ್ಬುತ್ತದೆ, ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಅಂಟು ಹಾಕಿದರೂ ಬಿರುಕು ಅದರ ಪಕ್ಕದಲ್ಲಿ ಮುಂದುವರಿಯುತ್ತದೆ. ಯುದ್ಧಪೂರ್ವದ ಗಾಡಿಗಳಲ್ಲಿ ಇದು ಹೆಚ್ಚು. ಒಂದು ಗಾಡಿಯಿಂದ ಇನ್ನೊಂದಕ್ಕೆ ಹರಡುವುದಿಲ್ಲ, ಆದರೆ ಸೆಕೆ ಮತ್ತು ತೇವ ಇದನ್ನು ಬೇಗ ಬೆಳೆಸುತ್ತವೆ. ಮಂಗಳೂರು, ಉಡುಪಿ, ಕಾರವಾರದವರು ಈ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು.

ಪರೀಕ್ಷೆ ಹೀಗೆ. ಎಂಜಿನನ್ನು ಗಾಜಿನ ಮೇಲಿಡಿ. ಎಲ್ಲ ಗಾಲಿಯೂ ತಾಗಬೇಕು. ಮೈಯ ಕೆಳ ಅಂಚು ಗೀಟುಗೋಲಿಗೆ ಸಮನಾಗಿರಬೇಕು. ಗಾಲಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣದ ಅಡಿಯಿಂದ ಜೇಡರ ಬಲೆಯಂಥ ಗೆರೆ ಎದ್ದಿದ್ದರೆ ಬೇಡ. ದೂರದಿಂದ ತರಿಸುವುದಾದರೆ ಅಡಿಭಾಗದ ಫೋಟೊ, ಗಾಲಿಗಳ ಹತ್ತಿರದ ಫೋಟೊ ಕೇಳಿ ತರಿಸಿಕೊಳ್ಳಿ. ಕೊಡಲೊಲ್ಲದವರಿಂದ ಕೊಳ್ಳಬೇಡಿ. ಸವೆದ ಬ್ರಷ್ (ಕಮ್ಯುಟೇಟರಿಗೆ ಕರೆಂಟು ಕೊಡುವ ಕಾರ್ಬನ್ ತುಂಡು), ಮುರಿದ ಕೊಂಡಿ, ಹೋದ ಬಲ್ಬು ಯಾವುದಕ್ಕೂ ಹಿಂಜರಿಯಬೇಕಿಲ್ಲ. ಮಜಾಕ್ ಬಿರುಕಿಗೆ ಮಾತ್ರ ಹಿಂಜರಿಯಲೇಬೇಕು.

ಬೇಕಾದ ಸಾಮಾನು

ಗಡಿಯಾರ ರಿಪೇರಿಯವರು ಬಳಸುವ ಸ್ಕ್ರೂ ಡ್ರೈವರ್ ಸೆಟ್, ಬಾಯಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವಂಥದ್ದು. ಚಿಮಟ, ಭೂತಗನ್ನಡಿ, ಹಲ್ಲುಕಡ್ಡಿ, ಕಿವಿ ಬಡ್ಸ್, ಹಳೆಯ ಮೆದು ಟೂತ್‌ಬ್ರಷ್. ಐಸೋಪ್ರೊಪೈಲ್ ಆಲ್ಕೋಹಾಲ್ 99 ಶೇಕಡಾದ್ದು ಕಾಲು ಲೀಟರ್. ತೆಳು ಹೊಲಿಗೆ ಯಂತ್ರದ ಎಣ್ಣೆ, ಅದನ್ನು ಹಚ್ಚಲು ಸೂಜಿ ಮೂತಿಯ ಸಿರಿಂಜ್. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಬಿಳಿ ಲಿಥಿಯಂ ಗ್ರೀಸ್ ಒಂದು ಸಣ್ಣ ಟ್ಯೂಬ್. 25 ವಾಟ್ ಸೋಲ್ಡರಿಂಗ್ ಐರನ್, ರಾಳದ ಫ್ಲಕ್ಸ್ ಇರುವ ಸೋಲ್ಡರ್. ಆಸಿಡ್ ಫ್ಲಕ್ಸ್ ಕೂಡದು, ಅದು ತಾಮ್ರದ ತಂತಿಯನ್ನು ಆಮೇಲೂ ತಿನ್ನುತ್ತಲೇ ಇರುತ್ತದೆ. ಮಲ್ಟಿಮೀಟರ್. ಕೊನೆಯದಾಗಿ, ವೋಲ್ಟೇಜನ್ನೂ ಕರೆಂಟಿನ ಮಿತಿಯನ್ನೂ ತಿರುವಿ ಹೊಂದಿಸಬಹುದಾದ ಡಿ.ಸಿ. ಪವರ್ ಸಪ್ಲೈ. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬ್ರಷ್, ಸ್ಪ್ರಿಂಗ್, ಗಾಲಿಗಳಂಥ ಬಿಡಿಭಾಗವನ್ನು ಮಾತ್ರ ಬ್ರಿಟನ್ನಿನ ವ್ಯಾಪಾರಿಗಳಿಂದ ತರಿಸಬೇಕು. 1969ರಲ್ಲಿ ಶುರುವಾದ ಹಾರ್ನ್‌ಬಿ ರೈಲ್ವೆ ಕಲೆಕ್ಟರ್ಸ್ ಅಸೋಸಿಯೇಷನ್ ಸದಸ್ಯರ ನಡುವೆ ಇಂಥ ವಿಷಯದ ತಿಳಿವಳಿಕೆ ಬಹಳ ಇದೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಹಳೆಯ ಆಟಿಕೆಗಳ ಸಂತೆಗಳೂ ಹತ್ತಿರವೇ.

ಬೇಡದ್ದು: ಡಬ್ಲ್ಯುಡಿ-40, ಸೀಮೆಎಣ್ಣೆ, ಸ್ಟೀಲ್ ವೂಲ್, ಒರಟು ಉಪ್ಪುಕಾಗದ. ಮೊದಲ ಎರಡೂ ಎಣ್ಣೆಯನ್ನು ತೊಳೆದು ಜಿಡ್ಡನ್ನು ಬಿಟ್ಟುಹೋಗುತ್ತವೆ. ಸ್ಟೀಲ್ ವೂಲಿನ ಎಳೆ ಮ್ಯಾಗ್ನೆಟ್ಟಿಗೆ ಅಂಟಿ ಆರ್ಮೇಚರ್ (ಮೋಟಾರಿನ ತಿರುಗುವ, ತಂತಿ ಸುತ್ತಿದ ಭಾಗ) ಒಳಗೆ ಸೇರಿ ಶಾರ್ಟ್ ಮಾಡುತ್ತದೆ.

ಕರೆಂಟು ಕೊಡುವ ಮುಂಚೆ

ಹೊಸದಾಗಿ ಬಂದ ಎಂಜಿನನ್ನು ನೇರ ಹಳಿಗೆ ಇಟ್ಟು ಸ್ವಿಚ್ ಒತ್ತುವ ಆಸೆಯನ್ನು ತಡೆಯಿರಿ. ಅಂಟುಕಟ್ಟಿ ನಿಂತ ಮೋಟಾರಿಗೆ ಪೂರ್ತಿ 12 ವೋಲ್ಟ್ ಕೊಟ್ಟರೆ ಅರ್ಧ ನಿಮಿಷದಲ್ಲೇ ಸುರುಳಿಯ ವಾರ್ನಿಷ್ ಸುಟ್ಟ ವಾಸನೆ ಬರಬಹುದು.

ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಒಂದು ಮುಳ್ಳನ್ನು ನಡುಹಳಿಯ ಪಟ್ಟಿಗೆ, ಇನ್ನೊಂದನ್ನು ಗಾಲಿಗೆ ಹಿಡಿಯಿರಿ. ಸೊನ್ನೆ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಇಲ್ಲವೇ ಬ್ರಷ್ ತಾಗುತ್ತಿಲ್ಲ. ಇವೆರಡರ ನಡುವೆ ಕೆಲವು ಓಮ್ ತೋರಿಸಿದರೆ ವಿದ್ಯುತ್ ದಾರಿ ಸರಿಯಿದೆ ಎಂದರ್ಥ.

ಬಿಚ್ಚುವುದು, ತೊಳೆಯುವುದು

ಕೆಲಸದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ; ಬ್ರಷ್ ಸ್ಪ್ರಿಂಗ್ ಹಾರಿದರೆ ಸಿಗಬೇಕಲ್ಲ. ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ. ಮೈಯನ್ನು ಹಿಡಿದಿರುವ ಸ್ಕ್ರೂಗಳ ಜಾಗ ಮಾದರಿಯಿಂದ ಮಾದರಿಗೆ ಬೇರೆ. ಅಡಿಯಿಂದ ನೋಡಿ, ಮುಂದಿನ ಸಣ್ಣ ಗಾಲಿಗಳ ಹತ್ತಿರವೂ ಹಿಂದಿನ ಕೊಂಡಿಯ ಹತ್ತಿರವೂ ಹುಡುಕಿ. ಸ್ಕ್ರೂ ಕಚ್ಚಿಕೊಂಡಿದ್ದರೆ ಒಂದು ಹನಿ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬಲವಂತ ಮಾಡಿದರೆ ಮೆತ್ತಗಿನ ಮಜಾಕಿನಲ್ಲಿ ಮರೆ ಕಿತ್ತುಹೋಗುತ್ತದೆ. ತೆಗೆದ ಸ್ಕ್ರೂಗಳನ್ನು ಜಾಗದ ಹೆಸರು ಬರೆದ ಚೀಟಿಯ ಮೇಲೆ ಅಂಟಿಸಿಡಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಅದು ಒಳಗೆ ತೂರಿ ಮೋಟಾರಿಗೆ ತಾಗುವುದುಂಟು.

ಮೈಯನ್ನು ಮೇಲಕ್ಕೆತ್ತಿ ಬೇರೆಯಾಗಿಡಿ. ಈಗ ಒಳಗಿರುವುದು ಕಾಣುತ್ತದೆ: ಮ್ಯಾಗ್ನೆಟ್, ಅದರ ನಡುವೆ ಆರ್ಮೇಚರ್, ಒಂದು ತುದಿಯಲ್ಲಿ ತಾಮ್ರದ ಕಮ್ಯುಟೇಟರ್, ಅದನ್ನು ಒತ್ತಿ ಹಿಡಿದ ಎರಡು ಕಾರ್ಬನ್ ಬ್ರಷ್, ಇನ್ನೊಂದು ತುದಿಯಲ್ಲಿ ಸುರುಳಿ ಗಿಯರ್ (ವರ್ಮ್ ಗಿಯರ್).

ಬ್ರಷ್‌ಗಳಲ್ಲಿ ಒಂದಕ್ಕೆ ನಡುಹಳಿಯ ಪಟ್ಟಿಯಿಂದ ತಂತಿ ಬರುತ್ತದೆ, ಇನ್ನೊಂದು ಚೌಕಟ್ಟಿಗೇ ಕೂಡಿದೆ. ಮೊದಲನೆಯದರ ಸ್ಪ್ರಿಂಗ್ ಸುತ್ತ ಇರುವ ನಿರೋಧಕ ಎಲ್ಲೂ ಹರಿದಿರಕೂಡದು, ಹರಿದಿದ್ದರೆ ಶಾರ್ಟ್ ಅಲ್ಲಿಂದಲೇ. ಸ್ಪ್ರಿಂಗ್ ತುದಿಯನ್ನು ಚಿಮಟದಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬ್ರಷ್ ಹೊರತೆಗೆಯಿರಿ. ಯಾವುದು ಎಡ, ಯಾವುದು ಬಲ, ಯಾವ ಮುಖ ಒಳಗಿತ್ತು ಎಂದು ಗುರುತಿಟ್ಟುಕೊಳ್ಳಿ. ಬ್ರಷ್ ಮುಖ ಕಮ್ಯುಟೇಟರಿನ ಗುಂಡಗಿನ ಆಕಾರಕ್ಕೆ ಸವೆದು ಕೂತಿರುತ್ತದೆ, ಅದನ್ನು ತಿರುಗಿಸಿ ಹಾಕಿದರೆ ಮತ್ತೆ ಕೂರಲು ಸಮಯ ಬೇಕು. ಸ್ಪ್ರಿಂಗ್ ಒತ್ತಡ ತಲುಪದಷ್ಟು ಗಿಡ್ಡವಾಗಿದ್ದರೆ ಜೋಡಿಯಾಗಿಯೇ ಬದಲಿಸಿ.

ಕಮ್ಯುಟೇಟರ್ ಶುಚಿ ಮಾಡುವುದು ಇಡೀ ಕೆಲಸದ ಜೀವಾಳ, ಆತುರ ಬೇಡ. ಕಿವಿ ಬಡ್‌ಗೆ ಆಲ್ಕೋಹಾಲ್ ತಾಗಿಸಿ ಒತ್ತಿ ಹಿಡಿದು ಆರ್ಮೇಚರನ್ನು ಬೆರಳಿಂದ ತಿರುಗಿಸಿ. ಸುರುಳಿ ಗಿಯರ್ ಇರುವ ಕಡೆ ಗಾಲಿಯಿಂದ ಮೋಟಾರನ್ನು ಬಲವಂತವಾಗಿ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ಬಡ್ ಬಿಳಿಯಾಗಿ ಬರುವವರೆಗೆ ಬದಲಿಸುತ್ತ ಹೋಗಿ. ತಾಮ್ರ ಹೊಳೆಯತೊಡಗಿದ ಮೇಲೆ ಭೂತಗನ್ನಡಿಯಲ್ಲಿ ಅದರ ಮೂರು ತುಂಡುಗಳ ನಡುವಿನ ಸೀಳುಗಳನ್ನು ನೋಡಿ. ಬ್ರಷ್‌ನ ಕಾರ್ಬನ್ ಪುಡಿ ಎಣ್ಣೆಯೊಂದಿಗೆ ಕಲಸಿ ಅಲ್ಲಿ ಗಟ್ಟಿ ಕಟ್ಟಿರುತ್ತದೆ, ಅದು ಕರೆಂಟನ್ನು ಒಂದು ತುಂಡಿನಿಂದ ಪಕ್ಕದ್ದಕ್ಕೆ ಹರಿಸುತ್ತದೆ. ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿ ಮೂರೂ ಸೀಳನ್ನು ಕೆರೆಯಿರಿ. ಸೂಜಿ ಬಳಸಬೇಡಿ, ಗೀರು ಬೀಳುತ್ತದೆ. ತಾಮ್ರದ ಮೇಲೆ ಆಳವಾದ ಗೆರೆ ಬಿದ್ದಿದ್ದರೆ ಮಾತ್ರ 2000 ನಂಬರಿನ ನೀರು ಉಪ್ಪುಕಾಗದದ ಸಣ್ಣ ಪಟ್ಟಿಯಿಂದ ಹಗುರವಾಗಿ ಸವರಿ, ಸೀಳುಗಳನ್ನು ಮತ್ತೆ ಕೆರೆಯಿರಿ.

ಬ್ರಷ್ ಹೊರಗಿರುವಾಗಲೇ ಸುರುಳಿಗಳನ್ನು ಅಳೆಯಿರಿ. ಮೂರು ತುಂಡುಗಳಲ್ಲಿ ಎರಡೆರಡರ ನಡುವೆ ಮೂರು ಅಳತೆ ಸಿಗುತ್ತವೆ. ಮೂರೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಆರ್ಮೇಚರ್ ಗಟ್ಟಿಯಾಗಿದೆ. ಒಂದು ಅಳತೆ ಉಳಿದೆರಡರ ಎರಡರಷ್ಟು ಬಂದರೆ ಒಂದು ಸುರುಳಿ ತುಂಡಾಗಿದೆ. ಬಹಳ ಸಲ ತುಂಡಾಗುವುದು ತಂತಿಯನ್ನು ಕಮ್ಯುಟೇಟರಿಗೆ ಬೆಸೆದ ಜಾಗದಲ್ಲೇ, ಅದನ್ನು ಮತ್ತೆ ಬೆಸೆಯಬಹುದು. ಒಂದು ಅಳತೆ ಸೊನ್ನೆಗೆ ಹತ್ತಿರವಿದ್ದರೆ ಸೀಳನ್ನು ಇನ್ನೊಮ್ಮೆ ಕೆರೆದು ನೋಡಿ. ಆಗಲೂ ಹಾಗೇ ಇದ್ದರೆ ಸುರುಳಿ ಸುಟ್ಟಿದೆ, ಮರುಸುತ್ತಬೇಕು. ತುಂಡಿಗೂ ಅಚ್ಚುಗಂಬಿಗೂ ನಡುವೆ ಮೀಟರ್ ಏನೂ ತೋರಿಸಬಾರದು.

1950ರ ದಶಕದ ಎಂಜಿನ್‌ಗಳಲ್ಲಿ ಟಿವಿ, ರೇಡಿಯೊಗೆ ಅಡಚಣೆಯಾಗದಿರಲಿ ಎಂದು ಒಂದು ಸಣ್ಣ ಕೆಪಾಸಿಟರ್ ಹಾಕಿರುತ್ತಿದ್ದರು. ಹಳೆಯದಾದ ಮೇಲೆ ಅದು ಸೋರುತ್ತದೆ. ಎಲ್ಲ ಶುಚಿ ಮಾಡಿಯೂ ಕರೆಂಟು ಜಾಸ್ತಿ ಎಳೆದರೆ ಅದರ ಒಂದು ಕಾಲನ್ನು ಬಿಡಿಸಿ ನೋಡಿ. ನಿರೋಧಕ ಉದುರಿದ ಹಳೆಯ ತಂತಿಯನ್ನೂ ಈಗಲೇ ಬದಲಿಸಿ, ಸಿಲಿಕೋನ್ ಹೊದಿಕೆಯ ಮೆದು ತಂತಿ ಹಾಕಿ. ಎಂಜಿನ್‌ಗೂ ಟೆಂಡರಿಗೂ ನಡುವೆ ತಂತಿ ಇರುವ ಮಾದರಿಯಲ್ಲಿ ತಿರುವಿನಲ್ಲಿ ಬಾಗುವಷ್ಟು ಸಡಿಲ ಇರಲಿ.

ಗಿಯರ್, ಬೇರಿಂಗ್, ಅಚ್ಚುಗಂಬಿಗಳ ಅಂಟನ್ನು ಆಲ್ಕೋಹಾಲ್ ಮತ್ತು ಟೂತ್‌ಬ್ರಷ್‌ನಿಂದ ತೊಳೆದು ಒಣಗಿಸಿ. ಆಮೇಲೆ ಎಣ್ಣೆ: ಆರ್ಮೇಚರಿನ ಎರಡು ಬೇರಿಂಗಿಗೆ ಒಂದೊಂದು ಹನಿ, ಪ್ರತಿ ಅಚ್ಚುಗಂಬಿಗೆ, ಗಾಲಿಗಳನ್ನು ಕೂಡಿಸುವ ಪಟ್ಟಿಯ ಮೊಳೆಗಳಿಗೆ ಸೂಜಿ ತುದಿಯಷ್ಟು. ಸುರುಳಿ ಗಿಯರಿಗೆ ಅಕ್ಕಿ ಕಾಳಿನಷ್ಟು ಗ್ರೀಸ್. ಕಮ್ಯುಟೇಟರ್ ಕಡೆಯ ಬೇರಿಂಗಿಗೆ ಒಂದು ಹನಿ ಹೆಚ್ಚಾದರೂ ಅದು ಹರಿದು ಬ್ರಷ್ ಸೇರುತ್ತದೆ, ನೀವು ಇಷ್ಟು ಹೊತ್ತು ಮಾಡಿದ ಕೆಲಸ ನೀರು ಪಾಲು. ಆರ್ಮೇಚರಿನ ಹಿಂಬದಿಯಲ್ಲಿ ಹೊಂದಿಸುವ ಸ್ಕ್ರೂ ಇರುವ ಮಾದರಿಗಳಲ್ಲಿ ಅಚ್ಚುಗಂಬಿ ಹಿಂದೆ ಮುಂದೆ ಕಂಡೂ ಕಾಣದಷ್ಟು ಆಡಬೇಕು. ಪೂರ್ತಿ ಬಿಗಿದರೆ ಬಿಸಿಯಾಗುತ್ತದೆ, ತೀರಾ ಸಡಿಲವಾದರೆ ಒಂದು ದಿಕ್ಕಿನಲ್ಲಿ ಚೆನ್ನಾಗಿ ಓಡಿ ಇನ್ನೊಂದರಲ್ಲಿ ಕಿರುಗುಟ್ಟುತ್ತದೆ.

ಮ್ಯಾಗ್ನೆಟ್ಟನ್ನು ಮುಟ್ಟುವ ಮುಂಚೆ

ಆರ್ಮೇಚರನ್ನು ಮ್ಯಾಗ್ನೆಟ್ಟಿನ ನಡುವಿನಿಂದ ಸುಮ್ಮನೆ ಎಳೆದು ತೆಗೆಯಬೇಡಿ. ಹಳೆಯ ಕುದುರೆ ಲಾಳದ ಮ್ಯಾಗ್ನೆಟ್ ಆಗಲಿ, ಆಮೇಲೆ ಬಂದ ಆಲ್ನಿಕೊ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಮಿಶ್ರಲೋಹ) ತುಂಡೇ ಆಗಲಿ, ಎರಡು ಧ್ರುವಗಳ ನಡುವೆ ಕಬ್ಬಿಣದ ಸೇತುವೆ ಇಲ್ಲದೆ ಹೋದ ಗಳಿಗೆಯಲ್ಲೇ ಶಕ್ತಿ ಕಳೆದುಕೊಳ್ಳತೊಡಗುತ್ತವೆ. ತೆಗೆಯಲೇಬೇಕಾದರೆ ಮೊದಲು ಧ್ರುವಗಳ ಮೇಲೆ ಮೆದು ಕಬ್ಬಿಣದ ದಪ್ಪ ಪಟ್ಟಿ ಅಂಟಿಸಿ, ಆಮೇಲೆ ಆರ್ಮೇಚರ್ ತೆಗೆಯಿರಿ. ಜೋಡಿಸಿದ ಬಳಿಕವೇ ಪಟ್ಟಿ ತೆಗೆಯಿರಿ. ಮೇಲೆ ಹೇಳಿದ ಶುಚಿಯ ಕೆಲಸವೆಲ್ಲ ಆರ್ಮೇಚರ್ ಜಾಗದಲ್ಲಿರುವಾಗಲೇ ಆಗುತ್ತದೆ ಎಂಬುದನ್ನು ಗಮನಿಸಿ.

ಮ್ಯಾಗ್ನೆಟ್ ಸೋತಿರುವ ಲಕ್ಷಣ ಸ್ಪಷ್ಟ. ಗಾಡಿ ಎಳೆಯದೆ ಖಾಲಿ ಓಡುವಾಗ ಮೋಟಾರ್ ಜೋರಾಗಿ ಸುತ್ತುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ, ಬೇಗ ಕಾಯುತ್ತದೆ, ಮೂರು ಬೋಗಿ ಕಟ್ಟಿದರೆ ನಿಲ್ಲುತ್ತದೆ. ಇದಕ್ಕೆ ಎರಡು ದಾರಿ. ಮರುಕಾಂತಗೊಳಿಸುವ ಯಂತ್ರ ಇರುವವರ ಹತ್ತಿರ ಕೊಟ್ಟು ಶಕ್ತಿ ತುಂಬಿಸುವುದು ಉತ್ತಮ. ಅದು ಆಗದಿದ್ದರೆ ಆಲ್ನಿಕೊ ತುಂಡಿನ ಬದಲು ಅದೇ ಅಳತೆಗೆ ನಿಯೋಡೈಮಿಯಂ ಮ್ಯಾಗ್ನೆಟ್ ಕೂರಿಸಬಹುದು. ಧ್ರುವ ತಲೆಕೆಳಗಾದರೆ ಎಂಜಿನ್ ಹಿಂದುಮುಂದಾಗಿ ಓಡುತ್ತದೆ, ಆಗ ಮ್ಯಾಗ್ನೆಟ್ ತಿರುಗಿಸಿ ಹಾಕಿ. ತೀರಾ ಬಲವಾದದ್ದು ಹಾಕಿದರೆ ನಿಧಾನ ವೇಗದಲ್ಲಿ ಎಂಜಿನ್ ತಡೆತಡೆದು ಸಾಗುತ್ತದೆ. ತೆಗೆದ ಹಳೆಯ ಮ್ಯಾಗ್ನೆಟ್ಟನ್ನು ಎಸೆಯದೆ ಚೀಟಿ ಹಾಕಿ ಎಂಜಿನ್ ಡಬ್ಬದಲ್ಲೇ ಇಡಿ.

ಮೊದಲ ಓಟ

ಎಂಜಿನನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ ಮಲಗಿಸಿ. ಸಪ್ಲೈಯನ್ನು 1 ಆಂಪಿಯರ್ ಮಿತಿಗೆ ಇಟ್ಟು ಒಂದು ತಂತಿ ನಡುಹಳಿಯ ಪಟ್ಟಿಗೆ, ಇನ್ನೊಂದು ಚೌಕಟ್ಟಿಗೆ ಕೊಡಿ. 4 ವೋಲ್ಟಿನಿಂದ ಶುರು ಮಾಡಿ ನಿಧಾನ ಏರಿಸಿ. ಆರೋಗ್ಯವಂತ ಮೋಟಾರ್ ಸುಮಾರು ಅರ್ಧ ಆಂಪಿಯರ್ ಆಸುಪಾಸಿನಲ್ಲಿ ಓಡುತ್ತದೆ. 1 ಆಂಪಿಯರ್ ಮಿತಿಯನ್ನೇ ಮುಟ್ಟುತ್ತಿದ್ದರೆ ನಿಲ್ಲಿಸಿ, ಕಾರಣ ಹುಡುಕಿ. ಎರಡೂ ದಿಕ್ಕಿನಲ್ಲಿ 10 ನಿಮಿಷದಂತೆ ಓಡಿಸಿ. ಹೊಸ ಬ್ರಷ್ ಹಾಕಿದ್ದರೆ ಅರ್ಧ ಗಂಟೆ. ಮೋಟಾರ್ ಮೇಲೆ ಬೆರಳಿಟ್ಟರೆ ಬೆಚ್ಚಗಿರಬೇಕು, ಬೆರಳು ಹಿಂದೆಗೆಯುವಷ್ಟು ಸುಡಬಾರದು.

ಗುಂಯ್‌ಗುಟ್ಟಿ ತಿರುಗದೆ ನಿಂತರೆ ಎಲ್ಲೋ ಇನ್ನೂ ಅಂಟಿದೆ, ಅಥವಾ ಗಾಲಿ ಕೂಡಿಸುವ ಪಟ್ಟಿ ಬಾಗಿದೆ. ಕಮ್ಯುಟೇಟರ್ ಸುತ್ತ ಹಸಿರು ಕಿಡಿಯ ಉಂಗುರ ಕಂಡರೆ ಸೀಳು ಶುಚಿಯಾಗಿಲ್ಲ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಬೆರಳಿಂದ ತಳ್ಳಿದರೆ ಓಡಿ, ಒಂದೇ ಜಾಗದಲ್ಲಿ ನಿಂತರೆ ಮತ್ತೆ ಹೊರಡದಿದ್ದರೆ ಒಂದು ಸುರುಳಿ ಸತ್ತಿದೆ. ಮೇಜಿನ ಮೇಲೆ ಸೊಗಸಾಗಿ ಓಡಿ ಹಳಿಯ ಮೇಲೆ ಮುಗ್ಗರಿಸಿದರೆ ತಪ್ಪು ಮೋಟಾರಿನದಲ್ಲ. ನಡುಹಳಿಯ ಪಟ್ಟಿ ಸವೆದು ಗುಂಡಿಬಿದ್ದಿದೆ, ಅಥವಾ ಗಾಲಿಯ ಅಂಚಿನ ಮೇಲೆ ಕರಿ ಕಟ್ಟಿದೆ.

ಮೈ, ಬಣ್ಣ, ತಗಡು

ಇಲ್ಲಿಂದ ಕೈ ಬಿಗಿ ಹಿಡಿಯಿರಿ. ಕಾರ್ಖಾನೆಯ ಮೂಲ ಬಣ್ಣ, ಅದರ ಮೇಲಿನ ಗೆರೆ, ಅಂಕಿ, ಲಾಂಛನ ಒಮ್ಮೆ ಹೋದರೆ ಮತ್ತೆ ಬಾರದು. ಅಲ್ಲಲ್ಲಿ ಚಕ್ಕೆ ಎದ್ದ ಮೂಲ ಬಣ್ಣದ ಎಂಜಿನ್, ಫಳಫಳ ಹೊಸ ಬಣ್ಣ ಬಳಿದ ಎಂಜಿನ್‌ಗಿಂತ ಯಾವತ್ತೂ ಮೇಲು, ಬೆಲೆಯಲ್ಲೂ ಗೌರವದಲ್ಲೂ.

ಎಂಜಿನ್ ಮೈಗೆ: ಮೆದು ಬಣ್ಣದ ಕುಂಚದಿಂದ ಧೂಳು ತೆಗೆದು, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಮೃದು ದ್ರವ ಸೋಪು ಬೆರೆಸಿ, ಬಡ್ಸನ್ನು ಅದ್ದಿ ಹಿಂಡಿ, ಮೊದಲು ಕಾಣದ ಜಾಗದಲ್ಲಿ ಒರೆಸಿ ನೋಡಿ. ಬಡ್‌ಗೆ ಕೊಳೆ ಬಂದರೆ ಸರಿ, ಬಣ್ಣ ಬಂದರೆ ತಕ್ಷಣ ನಿಲ್ಲಿಸಿ. ಅಂಕಿ ಮತ್ತು ಗೆರೆಗಳ ಮೇಲೆ ಉಜ್ಜಲೇಬೇಡಿ. ಆಲ್ಕೋಹಾಲ್ ಇಲ್ಲಿ ನಿಷಿದ್ಧ, ಅದು ಟ್ರಾನ್ಸ್‌ಫರ್ (ಅಂಟಿಸಿದ ಅಂಕಿ, ಲಾಂಛನ) ಮತ್ತು ವಾರ್ನಿಷನ್ನು ಕರಗಿಸುತ್ತದೆ. ಒಣಗಿದ ಮೇಲೆ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಸವರಿ ಹತ್ತಿ ಬಟ್ಟೆಯಿಂದ ಒರೆಸಿದರೆ ಬಣ್ಣದ ಆಳ ಮರಳುತ್ತದೆ.

ತಗಡಿನ ಬೋಗಿಗಳಿಗೆ ನೀರು ಇನ್ನೂ ಕಡಿಮೆ. ಮಡಿಕೆಯ ಒಳಗೆ ತೇವ ನಿಂತರೆ ಅಲ್ಲಿಂದಲೇ ತುಕ್ಕು. ಈಗಾಗಲೇ ತುಕ್ಕಿದ್ದ ಚುಕ್ಕೆಗೆ ಎಣ್ಣೆಯಲ್ಲಿ ಅದ್ದಿದ ಹಲ್ಲುಕಡ್ಡಿಯಿಂದ ತುಕ್ಕನ್ನಷ್ಟೇ ಕೆದಕಿ, ಒರೆಸಿ, ಮೇಣ ಹಚ್ಚಿ. ಸುತ್ತಲಿನ ಮುದ್ರಣವನ್ನು ಮುಟ್ಟಬೇಡಿ.

ಯಾರೋ ಹಿಂದೆಯೇ ದಪ್ಪ ಎನಾಮೆಲ್ ಬಳಿದು ಕೆಡಿಸಿದ ಎಂಜಿನ್ ಆದರೆ ಮಾತ್ರ ಮರುಬಣ್ಣಕ್ಕೆ ಕೈ ಹಾಕಿ. ಕಾಸ್ಟಿಕ್ ಸೋಡಾ ಬಳಸಕೂಡದು, ಅದು ಸತುವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಲೋಹಕ್ಕೆ ಹಾನಿ ಮಾಡದ ಪೇಂಟ್ ರಿಮೂವರ್ ಹಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಲೋಹಕ್ಕೆ ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಒಂದು ತೆಳು ಪದರ, ಮೇಲೆ ಬಣ್ಣ ಮೂರ್ನಾಲ್ಕು ತೆಳು ಪದರ ಸ್ಪ್ರೇ ಮಾಡಿ. ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಇರುವುದರಿಂದ ಒಣಗಿದ್ದಾಗ ಉಜ್ಜಬೇಡಿ, ಮಕ್ಕಳನ್ನು ದೂರ ಇಡಿ. ಮಾರುವಾಗ ಮರುಬಣ್ಣ ಎಂದು ಹೇಳಿಯೇ ಮಾರಬೇಕು.

ಹಳಿ ಮತ್ತು ಕಂಟ್ರೋಲರ್

ಡಬ್ಲೊ ಹಳಿ ಒತ್ತು ತಗಡಿನ ತಳದ ಮೇಲೆ ಕೂತಿದೆ. ಹೊರಗಿನ ಎರಡೂ ಹಳಿ ತಳಕ್ಕೇ ಕೂಡಿವೆ, ನಡುಹಳಿ ಮಾತ್ರ ನಿರೋಧಕದ ಮೇಲೆ. ಪ್ರತಿ ತುಂಡನ್ನೂ ನಡುಹಳಿಗೂ ತಗಡಿಗೂ ನಡುವೆ ಮೀಟರ್ ಹಿಡಿದು ಪರೀಕ್ಷಿಸಿ, ಏನೂ ತೋರಿಸಬಾರದು. ತುಕ್ಕು ನಿರೋಧಕವನ್ನು ದಾಟಿ ಬಂದ ಒಂದೇ ತುಂಡು ಇಡೀ ಸುತ್ತನ್ನು ಶಾರ್ಟ್ ಮಾಡುತ್ತದೆ, ಜೋಡಿಸಿದ ಮೇಲೆ ಅದನ್ನು ಹುಡುಕುವುದು ತಲೆನೋವು. ಹಳಿಯ ಮೇಲ್ಮೈಯನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಸಡಿಲವಾದ ಜೋಡಣೆಯನ್ನು ಸಣ್ಣ ಇಕ್ಕಳದಿಂದ ತುಸುವೇ ಒತ್ತಿ.

15 ಅಂಗುಲ ತ್ರಿಜ್ಯದ 8 ತಿರುವು ಹಳಿ ಸೇರಿದರೆ ಒಂದು ವೃತ್ತ. ಎರಡೂ ಬದಿಗೆ ಎರಡೆರಡು ನೇರ ಹಳಿ ಸೇರಿಸಿದ ಸುತ್ತು 5 ಅಡಿ ಉದ್ದ, 3 ಅಡಿ ಅಗಲದ ಹಲಗೆಯಲ್ಲಿ ಕೂರುತ್ತದೆ. 12 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ಒಂದೂವರೆ ಅಡಿಗೊಂದು ರೀಪು. ಕಾರ್ಪೆಟ್ ಮೇಲೆ ಓಡಿಸಬೇಡಿ, ನೂಲು ಅಚ್ಚುಗಂಬಿಗೆ ಸುತ್ತಿಕೊಳ್ಳುತ್ತದೆ. ಗಾಡಿ ಓಡುತ್ತಿರುವಾಗ ತಂತಿ ಕೂಡಿಸಿದ ತುಂಡಿನಲ್ಲಿ ಒಮ್ಮೆ, ಅದರ ಎದುರು ಬದಿಯಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಒಂದು ವೋಲ್ಟಿಗಿಂತ ಹೆಚ್ಚು ಇಳಿದಿದ್ದರೆ ಅಲ್ಲಿಗೂ ಒಂದು ಜೊತೆ ತಂತಿ ಕೊಡಿ.

ಮೂಲ ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ರಾಜಿ ಬೇಡ. ಬ್ರಿಟನ್ನಿನ ಮನೆಗಳ ವೋಲ್ಟೇಜೂ ನಮ್ಮದೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದನ್ನು ಇಲ್ಲಿನ ಪ್ಲಗ್ಗಿಗೆ ಚುಚ್ಚುವ ಮನಸ್ಸಾಗುತ್ತದೆ. ಒಳಗಿನ ರಬ್ಬರ್ ಹೊದಿಕೆ ಪುಡಿಯಾಗಿರುತ್ತದೆ, ಹಲವಕ್ಕೆ ಅರ್ಥ್ ಸಂಪರ್ಕವೂ ಇರುವುದಿಲ್ಲ. ಹೊರಗಿನ ಲೋಹಕ್ಕೆ 230 ವೋಲ್ಟ್ ಬರಬಹುದು. ಅದನ್ನು ಕಪಾಟಿನಲ್ಲಿ ಪ್ರದರ್ಶನಕ್ಕಿಡಿ. ಓಡಿಸಲು ಹೊಸ 12 ವೋಲ್ಟ್ ಡಿ.ಸಿ. ಕಂಟ್ರೋಲರ್, 1ರಿಂದ 1.5 ಆಂಪಿಯರಿನದ್ದು, ಶಾರ್ಟ್ ಆದಾಗ ತಾನೇ ಕಡಿತಗೊಳ್ಳುವಂಥದ್ದು ಸಾಕು. ಒಂದು ತಂತಿ ನಡುಹಳಿಗೆ, ಇನ್ನೊಂದು ಹೊರಹಳಿಗೆ. ಜರ್ಮನಿಯ ಮಾರ್ಕ್ಲಿನ್ ಆಟಿಕೆ ರೈಲಿನ ಎ.ಸಿ. ಟ್ರಾನ್ಸ್‌ಫಾರ್ಮರನ್ನು ಇದಕ್ಕೆ ಕೊಡಬೇಡಿ. ಮೋಟಾರ್ ನಡುಗಿ ಕಾಯುತ್ತದೆ, ಮ್ಯಾಗ್ನೆಟ್ಟೂ ಸೋಲುತ್ತದೆ.

ಕಪಾಟಿನಲ್ಲಿ

ಪ್ರದರ್ಶನಕ್ಕೆ ಜೊತೆ ಸರಿಯಾಗಿರಬೇಕು. 'ಸರ್ ನೈಜೆಲ್ ಗ್ರೆಸ್ಲಿ'ಗೆ ತೇಗದ ಬಣ್ಣದ ಎಲ್‌ಎನ್‌ಇಆರ್ ಬೋಗಿ, 'ಡಚೆಸ್ ಆಫ್ ಅಥಾಲ್'ಗೆ ಕಡುಗೆಂಪಿನ ಎಲ್‌ಎಂಎಸ್ ಬೋಗಿ, 'ಡಚೆಸ್ ಆಫ್ ಮಾಂಟ್ರೋಸ್'ಗೆ ಕೆಂಪು ಕೆನೆಬಣ್ಣದ ಬ್ರಿಟಿಷ್ ರೈಲ್ವೇಸ್ ಬೋಗಿ. ಕೆಲಸದ ಟ್ಯಾಂಕ್ ಎಂಜಿನ್‌ಗೆ ಸರಕು ಡಬ್ಬಿಗಳ ಸಾಲು ಒಪ್ಪುತ್ತದೆ. ಹತ್ತು ಎಂಜಿನ್ ಒತ್ತೊತ್ತಾಗಿ ನಿಲ್ಲಿಸುವುದಕ್ಕಿಂತ ಒಂದು ಪೂರ್ತಿ ರೈಲು ಕಣ್ಣಿಗೆ ಹೆಚ್ಚು ತುಂಬುತ್ತದೆ.

ಕಪಾಟು ಗಾಜಿನದೋ ಅಕ್ರಿಲಿಕ್ಕಿನದೋ ಆಗಲಿ, ಧೂಳು ನುಸುಳದಂತೆ ಮುಚ್ಚಬೇಕು. ಹೊಸ ಎಂಡಿಎಫ್, ಓಕ್ ಮರ, ರಬ್ಬರ್ ಫೋಮ್ ಇವುಗಳಿಂದ ಹೊಮ್ಮುವ ಆಮ್ಲ ಮತ್ತು ಗಂಧಕದ ಆವಿ ಲೋಹವನ್ನು ಕೆಡಿಸುತ್ತದೆ. ಪ್ಲೈವುಡ್ ಬಳಸಿದರೆ ಒಳಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಎಲ್‌ಇಡಿ ದೀಪವನ್ನು ಕಪಾಟಿನ ಹೊರಗೆ, ಮೇಲ್ಗಡೆ ಕೂರಿಸಿದರೆ ಬಿಸಿ ಒಳಗೆ ಸೇರುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ.

ತೇವ 45ರಿಂದ 50 ಶೇಕಡಾ ಇರಲಿ, ಒಳಗೊಂದು ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಇಡಿ. ಒಂದು ಘನ ಮೀಟರ್ ಜಾಗಕ್ಕೆ 20 ಕೆ.ಜಿ. ಸಿಲಿಕಾ ಜೆಲ್ ಎಂಬುದು ವಸ್ತುಸಂಗ್ರಹಾಲಯಗಳ ಲೆಕ್ಕ. 90 ಸೆಂ.ಮೀ. ಉದ್ದ, 20 ಅಗಲ, 25 ಎತ್ತರದ ಕಪಾಟು 45 ಲೀಟರ್ ಆಗುತ್ತದೆ, ಅದಕ್ಕೆ 900 ಗ್ರಾಂ. ಕಿತ್ತಳೆ ಬಣ್ಣದ ಜೆಲ್ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಇದೆ, ಅದು ವಿಷ. ಬಣ್ಣ ಬದಲಾದಾಗ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮುಂಗಾರಿನಲ್ಲಿ ಕರಾವಳಿಯವರು ಇದನ್ನು ಮತ್ತೆ ಮತ್ತೆ ಮಾಡಬೇಕಾದೀತು. ಮೂಲ ರಟ್ಟಿನ ಡಬ್ಬಗಳನ್ನು ಕಪಾಟಿನಲ್ಲಿ ಗಾಡಿಗಳ ಜೊತೆ ಒತ್ತಿಡಬೇಡಿ, ರಟ್ಟು ತೇವ ಹೀರಿ ಲೋಹಕ್ಕೆ ಕೊಡುತ್ತದೆ. ಆಮ್ಲರಹಿತ ಟಿಶ್ಯೂ ಸುತ್ತಿ ಬೇರೆ ಒಣ ಜಾಗದಲ್ಲಿ ಇಡಿ.

ಪ್ರತಿ ಎಂಜಿನ್ ಪಕ್ಕ ಒಂದು ಚೀಟಿ: ಹೆಸರು, ಅಂಕಿ, ತಯಾರಾದ ಕಾಲ, ಮೂಲ ಬಣ್ಣವೋ ಮರುಬಣ್ಣವೋ, ಬದಲಿಸಿದ ಭಾಗ ಯಾವುದು. ನೋಡುವವರಿಗೂ ಮುಂದೆ ಅದು ಯಾರ ಕೈ ಸೇರುವುದೋ ಅವರಿಗೂ ಇದು ಬೇಕಾಗುತ್ತದೆ. ತಿಂಗಳಿಗೊಮ್ಮೆ ಪ್ರತಿ ಎಂಜಿನನ್ನೂ ಹೊರತೆಗೆದು ಎರಡೂ ದಿಕ್ಕಿನಲ್ಲಿ ಹತ್ತು ಹತ್ತು ನಿಮಿಷ ಓಡಿಸಿ, ಇಲ್ಲದಿದ್ದರೆ ಎಣ್ಣೆ ಮತ್ತೆ ಅಂಟಾಗುತ್ತದೆ. ಅತಿಥಿಗಳಿಗೆ ತೋರಿಸುವ ದಿನ ಒಂದೇ ಎಂಜಿನನ್ನು ಸತತವಾಗಿ 20 ನಿಮಿಷಕ್ಕಿಂತ ಹೆಚ್ಚು ಓಡಿಸದೆ, ತಣ್ಣಗಾಗಲು ಬಿಟ್ಟು ಇನ್ನೊಂದನ್ನು ಹಳಿಗೆ ಇಳಿಸಿ.